ಕೊಡೆ ಹಿಡಿದವನು

ತಾಳಗುಪ್ಪ ಬಿಟ್ಟಾಗ ಇನ್ನೂ ಕತ್ತಲೆ.
ದೊರೆಯ ಬಣ್ಣದ ಪೆಟ್ಟಿಗೆ ಕೆರಿಯನ ತಲೆ ಮೇಲೆ,
ಮಡಿಸುವ ಕುರ್ಚಿ ಬಡಿಯನ ಬೆನ್ನಿಗೆ,
ನನ್ನ ಪಾಲಿಗೆ ಕೊಡೆ:
ಹಾಳೆಯ ಮೇಲೆ ತುಂತುರು ಬೀಳದಂತೆ ಹಿಡಿಯುವುದು.
ಉಂಬಳ ಹತ್ತಿದರೆ ಕೀಳಲು ಕೈ ಖಾಲಿಯಿಲ್ಲ,
ಕುಡಿದಷ್ಟು ಕುಡಿದು ತಾನೇ ಉದುರಿತು.

ಗುಂಡಿಯ ಅಂಚಿಗೆ ಕೂತು, ಒಂದು ಕಣ್ಣು ಮುಚ್ಚಿ
ಸೀಸದ ಕಡ್ಡಿ ಚಾಚಿ ನೀರು ಅಳೆದ
ಜವಳಿಯವನು ಬಟ್ಟೆ ಅಳೆವಂತೆ.
ಬೆರಳಿನ ಒಂದು ಗೆಣ್ಣು ಬಂತು ಲೆಕ್ಕ.

ಬಂಡೆ ಬರೆದ. ಬಂಡೆಯ ಸಂದು ಬರೆದ.
ಸಂದಿಗೆ ಅಂಟಿದ ಹುಲ್ಲನ್ನೂ ಬಿಡಲಿಲ್ಲ.
ನೀರು ಈಗ ಬರುತ್ತದೆ, ಈಗ ಬರುತ್ತದೆ ಎಂದು
ಕತ್ತು ನೀಕಿ ಕಾದೆ.
ಬರೆಯಲೇ ಇಲ್ಲ.
ಸುತ್ತ ಕಪ್ಪು ಮಾಡುತ್ತ ಹೋದ,
ನಡುವೆ ಬಿಟ್ಟ ಬಿಳಿ ಜಾಗ
ಇದ್ದಕ್ಕಿದ್ದಂತೆ ಧುಮುಕತೊಡಗಿತು.

ಕೊಡೆ ಅಲುಗಿತು ನನ್ನ ಕೈಲಿ.

ತಪ್ಪಿದ ಗೆರೆ ಅಳಿಸಲು
ಚೀಲದಿಂದ ಪರಂಗಿ ರೊಟ್ಟಿ ತೆಗೆದ.
ಹಿಸುಕಿ ಉಂಡೆ ಮಾಡಿ
ಎಡಗಡೆಯ ಗುಡ್ಡವನ್ನೇ ಉಜ್ಜಿಬಿಟ್ಟ.
ಹಿಂದಿನ ರಾತ್ರಿಯ ಗಂಜಿಯ ಮೇಲೆ ನಿಂತಿದ್ದೆ ನಾನು.
ಮಸಿ ಹಿಡಿದ ಉಂಡೆ ಕಾಲ ಬಳಿ ಬಿತ್ತು,
ಕಾಗೆಗೆ ಮೊದಲು ಎತ್ತಿಕೊಂಡೆ.
ಸ್ವಲ್ಪ ಹುಳಿ, ಸ್ವಲ್ಪ ಇದ್ದಿಲು.
ಗುಡ್ಡ ತಿಂದವನು ನಾನು,
ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾವೆ.

ಅಳಿಸಿದಲ್ಲಿ ಒಂದು ಮರ ನೆಟ್ಟ.
ಮತ್ತಿಯಲ್ಲ, ನಂದಿಯಲ್ಲ, ಹೊನ್ನೆಯಲ್ಲ;
ಟೊಂಗೆ ಮುರಿದು, ಕಾಂಡ ತಿರುಚಿ
ಅವನೂರಿನ ಯಾವುದೋ ದುಃಖದ ಮರ.
ಅಲ್ಲಿ ಮರವೇ ಇಲ್ಲವಲ್ಲ ದೊರೆ, ಅಂದೆ.
ದುಭಾಷಿ ಎಲೆ ಅಡಿಕೆ ಜಗಿಯುತ್ತಿದ್ದ,
ಮಾತು ದಾಟಿಸಲಿಲ್ಲ.

ಕೊನೆಗೆ ಬಂಡೆ ತುದಿಗೆ ನಿಲ್ಲೆಂದು ಕೈ ಮಾಡಿದ.
ಆಳ ತೋರಿಸಲು ಒಬ್ಬ ಆಳು ಬೇಕಂತೆ.
ಕೊಡೆ ಕೆರಿಯನಿಗೆ ಕೊಟ್ಟು ಹೋದೆ.
ಗಬ್ಬದ ಎಮ್ಮೆಯ ಪಕ್ಕೆಯ ಹಾಗೆ
ಪಾದದಡಿ ಕಲ್ಲು ಒಳಗೊಳಗೇ ಮಿಸುಕುತ್ತಿತ್ತು.
ಕೆಳಗೆ ಪಾರಿವಾಳ ಹಾರುತ್ತಿದ್ದವು.
ಹಾರುವ ಹಕ್ಕಿಯ ಬೆನ್ನು
ಅಂದೇ ಮೊದಲು ಕಂಡದ್ದು.
ಎಷ್ಟು ಹೊತ್ತು ನಿಂತೆನೋ,
ಕರೆದದ್ದು ಕೇಳಿಸಲೇ ಇಲ್ಲವಂತೆ,
ಬಡಿಯ ಬಂದು ತೋಳು ಹಿಡಿದೆಳೆದ.

ಸಂಜೆ ತೋರಿಸಿದ. ಎಳ್ಳಿನಷ್ಟು ನಾನು.
ತಲೆಗೆ ಕೆಂಪು ಮುಂಡಾಸು!
ನಾನು ಇಟ್ಟದ್ದು ಹಾಳೆ ಟೊಪ್ಪಿ,
ಅದು ಅವನ ಹಾಳೆಗೆ ಹತ್ತಲಿಲ್ಲ.
ಮುಖ ಇರಲಿಲ್ಲ.
ಮುಖಕ್ಕೆ ಜಾಗ ಸಾಲಲಿಲ್ಲ ಅನ್ನಿ.

ಮರುದಿನ ಎರಡಾಣೆ ಕೊಟ್ಟು
ಚಿತ್ರ ಸುರುಳಿ ಸುತ್ತಿ, ತಗಡಿನ ಕೊಳವೆಗಿಳಿಸಿ
ಘಟ್ಟ ಇಳಿದ, ಹೊನ್ನಾವರದ ಹಡಗಿಗೆ.
ಕೆರಿಯ ಕೊಡೆ ನೆಟ್ಟಗೆ ಹಿಡಿದಿರಲಿಲ್ಲ.
ಒಂದು ಹನಿ ಬಿದ್ದು
ಮುಂಡಾಸಿನ ಕೆಂಪು ನೀರೊಳಗೆ ಸೋರಿತ್ತು.
ದೊರೆ ನೋಡಿರಲಿಲ್ಲ.
ನಾನು ಹೇಳಲಿಲ್ಲ.