ಎಂಬತ್ತೊಂದು

ಟಿಬಿಲಿಸಿ. ಎಂಟನೇ ಮಹಡಿ.
ನಮ್ಮ ಲಿಫ್ಟಿಗೆ ಪ್ರತಿ ಸಲವೂ ನಾಣ್ಯ ತಿನ್ನಿಸಬೇಕು.
ಅದು ಕೆಟ್ಟ ದಿನ ನಾನು ಇಳಿಯುವುದಿಲ್ಲ;
ಬೇಕಾದರೆ ಭೂಮಿಯೇ ಹತ್ತಿ ಬರಲಿ.

ಕೊಯಿಂಬ್ರಾಕ್ಕೆ ಬರೆದೆ:
ನನ್ನ ಗಾಲಿಕುರ್ಚಿ ಅರವತ್ತಾರು ಸೆಂಟಿಮೀಟರ್.
ನಿಮ್ಮ ಬಚ್ಚಲ ಬಾಗಿಲು ಎಷ್ಟು?

ಉತ್ತರಕ್ಕೊಂದು ಫೋಟೊ ಬಂತು.
ಬಿಸಿಲು, ಕಪ್ಪು ನಿಲುವಂಗಿ, ಸಾಲು ಹಲ್ಲು,
ಕೆಳಗೆ 'ಎಲ್ಲರಿಗೂ ಸ್ವಾಗತ'.
ಅವರೆಲ್ಲ ಕೂತದ್ದು ಮೆಟ್ಟಿಲ ಮೇಲೆ.
ಎಣಿಸಿದೆ. ಹನ್ನೊಂದು.

ಮತ್ತೆ ಬರೆದೆ. ಮತ್ತೆ.
ಅಕ್ರೋಟು ಕುಟ್ಟುತ್ತ ಅಮ್ಮ, ತಲೆ ಎತ್ತದೆ:
'ಅಲ್ಲಿ ನಿನ್ನನ್ನು ಎತ್ತುವವರು ಯಾರು, ತೆಕ್ಲಾ?'
ಯಾರೂ ಎತ್ತದಿರಲಿ ಎಂದೇ ಅಲ್ಲವೇನಮ್ಮ
ಇಷ್ಟೊಂದು ಕಾಗದ?

ಒಂಬತ್ತನೇ ವಾರ
ಹಾಸ್ಟೆಲಿನ ಕಾವಲುಗಾರ ಅಡೆಲಿನೊ ಬರೆದ,
ಎಡವಿ ಎಡವಿ ನಡೆಯುವ ಇಂಗ್ಲಿಷಿನಲ್ಲಿ:
'ಟೇಪು ಹಿಡಿದು ನಾನೇ ಅಳೆದೆ. ಎರಡು ಸಲ.
ಬಾಗಿಲು ಎಂಬತ್ತೊಂದು.
ಗೇಟಿನ ಹತ್ತಿರ ಮೂರನೇ ಕಲ್ಲು ಮಾತ್ರ ಅಲ್ಲಾಡುತ್ತದೆ,
ಎಡಕ್ಕೆ ಹಿಡಿ.'

ಎಂಬತ್ತೊಂದರಲ್ಲಿ ಅರವತ್ತಾರು ಕಳೆದೆ.
ಎರಡು ಮೊಣಕೈಗೂ ಜಾಗ ಮಿಕ್ಕಿತು.

ರಾತ್ರಿ ಹಜಾರದ ಕತ್ತಲಲ್ಲಿ,
ಅಮ್ಮ ಏಳದ ಹಾಗೆ,
ಇಲ್ಲದ ಕಲ್ಲೊಂದನ್ನು ತಪ್ಪಿಸಿ
ಎಡಕ್ಕೆ ಹೊರಳಿದೆ.