ರೂಪಾಯಿಗೆ ಎರಡು ಕಾರ್ಡು

ಮೊದಲ ದಿನ ದೇಚವ್ವ "ಬೋಂಡ" ಅಂದಾಗ
ಅಂಗಳದಲ್ಲೇ ನಿಂತೆ,
ತಟ್ಟೆ ಬರುತ್ತದೆ ಅಂದುಕೊಂಡು.
ನರಗುಂದದವಳು ನಾನು, ಕೊಡವ ಮಾತು ತಿಳಿಯದು.
ಏರು ಹತ್ತಿ ಹೊಟ್ಟೆ ಹಸಿದಿತ್ತು.
ಅವಳು ಬೆರಳು ತೋರಿಸಿದ ಮೇಲೆ ಹೊಳೆಯಿತು:
ಬೋಂಡ ಅಂದರೆ ಬೇಡ.
ನಾನಲ್ಲ, ನನ್ನ ಚೀಲದಿಂದ ಹೊರಬಂದದ್ದು.

ಮೈಸೂರಿನ ಹೊರಗೆ ಸೈಟು, ಗೇಟಿನಲ್ಲಿ ಸಿಮೆಂಟಿನ ಆನೆ.
ನಿಜದ್ದು ಮೊನ್ನೆಯಷ್ಟೇ ಇವಳ ಬೇಲಿ ಮುರಿದು ಹೋಗಿದೆ.
ಅರ್ಧ ಬೆಲೆಗೆ ಕಿವಿಯ ಯಂತ್ರ.
ಸಿಂಗಾಪುರ, ಐದು ಹಗಲು, ನಾಲ್ಕು ರಾತ್ರಿ.
ಎಲ್ಲದರ ಮೇಲೂ "ಶ್ರೀ ದೇಚವ ರವರಿಗೆ,
ಆ ಅದೃಷ್ಟಶಾಲಿ ನೀವೇ!"
ಮೆಣಸಿನ ಬಳ್ಳಿಯ ನರ್ಸರಿ ನಡೆಸುವ ಹೆಂಗಸನ್ನು
ಗಂಡಸು ಮಾಡಿ, ಹೆಸರಿನ ಒತ್ತೊಂದು ಕಿತ್ತುಕೊಂಡು,
ಅದೃಷ್ಟವಂತೆ.

ಹೊಳಪಿನ ಕಾಗದ. ಒಲೆಗೆ ಹಾಕಿದರೆ ಹಸಿರು ಹೊಗೆ.
ಸಸಿಗೆ ಸುತ್ತಿದರೆ ಬೇರಿಗೆ ಉಸಿರು ಕಟ್ಟುತ್ತದೆ.
"ಬೇಡದೆ ಬಂದದ್ದು ಬೇಡ ಅಂದರೂ ಹೋಗುವುದಿಲ್ಲವಲ್ಲ."

ಆಫೀಸಿನ ರಬ್ಬರು ಮುದ್ರೆ "ನಿರಾಕರಿಸಲಾಗಿದೆ" ಅನ್ನುತ್ತದೆ,
ಯಾರು ನಿರಾಕರಿಸಿದರೋ ಅದಕ್ಕೆ ಗೊತ್ತಿಲ್ಲ.
ಬೋಂಡ ಹಾಗಲ್ಲ, ಬಾಯಿ ತುಂಬ, ದುಂಡಗೆ,
ಅಗುಳಿ ಬಿದ್ದ ಸದ್ದು.
ನಮ್ಮ ಕಡೆ ಒಲ್ಲೆ.
ಒಲ್ಲೆ ಅಂದರೆ ನಗುತ್ತಾರೆ,
ಮತ್ತೆ ಬಡಿಸುತ್ತಾರೆ.

ಒಂದು ಸೋಮವಾರ ಕಾರ್ಡು ಕೇಳಿದಳು.
ಐವತ್ತು ಪೈಸೆಗೆ ಚಿಲ್ಲರೆ ಎಲ್ಲಿಂದ ತರಲಿ?
ರೂಪಾಯಿಗೆ ಎರಡು ಕೊಟ್ಟೆ.
ಸಸಿಯ ಟ್ರೇ ಮಗುಚಿ, ಅದರ ಮೇಲಿಟ್ಟು ಬರೆದಳು,
ಮಣ್ಣಿನ ಹೆಬ್ಬೆಟ್ಟೂ ಬಿತ್ತು.
ಕಾರ್ಡಿಗೇನು ಮುಚ್ಚುಮರೆ, ಇಳಿಜಾರಿನಲ್ಲಿ ಓದಿದೆ:
"ಸ್ವಾಮಿ, ನನಗೆ ಕಿವಿ ಕೇಳುತ್ತದೆ. ನಿಮಗೆ?
ಪಟ್ಟಿಯಿಂದ ನನ್ನ ಹೆಸರು ಕೀಳಿ.
ಕಿತ್ತ ಮೇಲೆ, ಕಿತ್ತೆವು ಎಂದು ಕಾಗದ ಹಾಕಬೇಡಿ."
ಆ ತಿಂಗಳು ನಮ್ಮ ಡಬ್ಬಿಗೆ ಬಿದ್ದ ಕೈಬರಹ
ಅದೊಂದೇ. ಸೀಲು ಎರಡು ಸಲ ಒತ್ತಿದೆ.

ನಿಂತಿತೇ? ಕಿವಿಯವರು ನಿಲ್ಲಿಸಿದರು.
ಸಿಂಗಾಪುರ ಇನ್ನೂ ಬರುತ್ತಿದೆ, ಈಗ ಆರು ರಾತ್ರಿ.

ಉಳಿದ ಕಾರ್ಡನ್ನು "ನಿನಗೇ ಇರಲಿ" ಅಂದಿದ್ದಳು.
ಮೊನ್ನೆ ನನಗೂ ಒಂದು ಲಕೋಟೆ.
ನಾನೇ ವಿಂಗಡಿಸಿ ನಾನೇ ನನಗೆ ಬಟವಾಡೆ ಮಾಡಿಕೊಂಡೆ.
ಸೋದರಮಾವನ ಅಕ್ಷರ. ಒಳಗೆ ಫೋಟೊ:
ಹುಬ್ಬಳ್ಳಿಯ ಸ್ಟುಡಿಯೊ, ನೀಲಿ ಪರದೆ,
ತೊಡೆಯ ಮೇಲೆ ಎರಡೂ ಕೈ.
ಮೂರನೆಯವನು ಇವನು. ಕೆಟ್ಟವನಂತೆ ಕಾಣುವುದಿಲ್ಲ, ಪಾಪ.
ಹಿಂಬದಿಯಲ್ಲಿ ಸಂಬಳ, ಹೊಲ, ರಾಶಿ.
ನನ್ನ ಹೆಸರಿನ ಒತ್ತು ಮಾತ್ರ ಸರಿಯಾಗಿತ್ತು.

ನಾಪೋಕ್ಲು ಬಸ್ ನಿಲ್ದಾಣದ ಕಟ್ಟೆಯಲ್ಲಿ ಕೂತು
ಕಾರ್ಡು ತೆಗೆದೆ. ಕ್ಷೇಮ, ಇತ್ಯಾದಿ ಬರೆಯಲಿಲ್ಲ.
ಒಂದೇ ಪದ, ವಿಳಾಸವೇ ಅದಕ್ಕಿಂತ ಉದ್ದ.
ಒಲ್ಲೆ ಅಂದರೆ ಮಾವ ನಗುತ್ತಾನೆ,
ಇನ್ನೊಂದು ಫೋಟೊ ಕಳಿಸುತ್ತಾನೆ.
ಬೋಂಡ, ಅಂತ ಬರೆದೆ.
ಅರ್ಥ ಯಾರನ್ನಾದರೂ ಕೇಳಿಕೊಳ್ಳಲಿ.
ಇಲ್ಲವೇ ಕಾಯಲಿ ಸ್ವಲ್ಪ ಹೊತ್ತು,
ತಟ್ಟೆ ಬರುತ್ತದೆ ಅಂದುಕೊಂಡು.