ಎರಡನೇ ಗೇಟು

ಊರಾಗ ಯಾರರೆ ಕೇಳಿದರ
ಪಂಪು ನಡಸ್ತೀನಿ ಅಂತೀನಿ.
ಎಷ್ಟು ಎಚ್‌ಪಿ ಅಂತಾರ, ಬೋರೋ ಬಾವಿಯೋ ಅಂತಾರ.
ನಗತೀನಿ. ಬಿಡಿಸಿ ಹೇಳಾಕ ಹೋಗಂಗಿಲ್ಲ,
ಎದಿ ಸೋತವರ ನೆತ್ತರ ಹೊರಗ ಎಳದು
ಉಸರು ತುಂಬಿ ಒಳಗ ದೂಡೂ ಪಂಪು
ಬೆಳಗಾವ್ಯಾಗ, ದವಾಖಾನಿ ಮೂರನೇ ಮಾಳಿಗಿ ಮ್ಯಾಲ,
ನನ್ನ ತಾಬೇದಾಗ ಐತಿ ಅಂತ.

ಇವತ್ತಿನ ರಾತ್ರಿ ಏಳನೇ ಹಾಸಗಿ.
ತವನಪ್ಪ ಹುದ್ದಾರ, ಐವತ್ತೆಂಟು.
ಟಿಳಕವಾಡಿ ಎರಡನೇ ಗೇಟಿನ್ಯಾಗ ಇಪ್ಪತ್ತಾರು ವರ್ಷ
ಹಸರು ನಿಶಾನಿ, ಕೆಂಪು ನಿಶಾನಿ.
ಎದಿ ನೂರಕ್ಕ ಹದಿನೈದು ಹಿಂಡತೈತಿ ಅಂತ ಎಕೋದ ಚೀಟಿ.
ಮಧ್ಯಾಹ್ನ ಬಾಯಿತುಂಬ ಮಾತಾಡಿದ್ದ:
"ದೇಸೂರಿಂದ ಫೋನ್ ಬಂತಂದ್ರ ಗೇಟ್ ಹಾಕಬೇಕ್ರಿ.
ಜಲ್ದಿ ಹಾಕಿದ್ರ ಸ್ಕೂಟರಿನವರು ನಮ್ಮವ್ವನ ತನಕ ಬೈತಾರ.
ತಡಾ ಮಾಡಿದ್ರ
ಬಯ್ಯಾಕ ಅಂವ ಉಳದಿರಂಗಿಲ್ಲ.
ಬೈಸ್ಕೊಂಡಽ ಇಷ್ಟು ವರ್ಷ ದಾಟಿಸೀನಿ ನೋಡ್ರಿ."

ಈಗ ಮಾತಿಲ್ಲ. ಮೂಗಿನ ತುದಿ ತಣ್ಣಗ.
ಮೂತ್ರದ ಚೀಲದಾಗ ಹತ್ತು ಗಂಟೆಯಿಂದೀಚೆ ನಾಕು ಚಮಚ.
ರಕ್ತದಾಗ ಲ್ಯಾಕ್ಟೇಟ್ ಎರಡಿದ್ದದ್ದು ನಾಕು,
ನಾಕಿದ್ದದ್ದು ಐದೂವರಿ.
ಔಷಧದ ಸಿರಿಂಜು ಒಂದೊಂದಽ ಗೆರಿ ಏರತಾವು,
ಕಬ್ಬಿನ ಗಾಡಿ ಎತ್ತು ಮಣಕಾಲೂರಿದ ಮ್ಯಾಲೂ
ಬಾರಕೋಲ ಬೀಸಿದಂಗ.

ಗಲಗಲಿ ಮೇಡಂ ಫೋನಿನ್ಯಾಗ:
"ಇನ್ನೊಂದು ತಾಸು ನೋಡೂಣು."
ಅವರದೂ ತಪ್ಪಲ್ಲ.
ಪಂಪು ಅಂದ್ರ ಪುಕ್ಕಟ ದೇವರಲ್ಲ.
ತೊಡಿಯಾಗ ಬೆರಳಗಾತ್ರದ ನಳಿ,
ಕಾಲು ಕಪ್ಪಾದೀತು, ಮೆದುಳಾಗ ರಕ್ತ ಒಡದೀತು,
ಹೆಣ್ತಿ ಕೊರಳಿನ ಸರ ದಿನಕ್ಕೊಂದು ಎಳಿ ಕರಗೀತು.
ಹೋದ ಚಳಿಗಾಲದಾಗ ಒಬ್ಬ ಹುಡುಗಗ ಅವಸರ ಮಾಡಿ ಹಾಕಿದ್ವಿ.
ಎದಿ ತಾನಽ ಏಳೂದಿತ್ತೇನೋ, ಕಾಲು ಮಾತ್ರ ಹೋತು.
ಈಗೂ ತೋರಿಸ್ಕೊಳ್ಳಾಕ ಬರತಾನ,
ಊರುಗೋಲಿನ ಸಪ್ಪಳಾ ಅವನಕಿಂತ ಮೊದಲ ಬರತೈತಿ.

ಆದರ ಬೈಲಹೊಂಗಲದ ಬಾಣಂತಿ, ನೀಲವ್ವ.
ಆಕಿಗೂ ಒಂದು ತಾಸು ಅಂದಿದ್ವಿ,
ಆಮ್ಯಾಲ ಇನ್ನೊಂದು. ಹಿಂಗ ಐದು.
ನಸುಕಿನ್ಯಾಗ ಪಂಪು ಹಚ್ಚಿದೆ.
ನಾಕು ಲೀಟರು, ಅಳತಿ ತಪ್ಪದಽ ಮೂರು ದಿನ ತಿರುಗಿತು.
ಕಿಡ್ನಿ ಇಲ್ಲ, ಲಿವರ್ ಇಲ್ಲ,
ಕಣ್ಣಪಾಪಿ ಬೆಳಕಿಗೆ ಅಲಗಲಿಲ್ಲ.
ಎಲ್ಲಾರೂ ಬಿಟ್ಟು ಹೋದ ಮನ್ಯಾಗ
ನಳದ ನೀರು ಬಿಟ್ಟಂಗಾತು.
ಕೂಸಿಗೆ ಹೆಸರಿಟ್ಟಿರಲಿಲ್ಲ ಇನ್ನೂ.
ಬಟನ್ ಒತ್ತಿದ ಬೆರಳು ಇದಽ, ಬಲಗೈದು.

ಎರಡೂ ಹತ್ತಕ್ಕ, ಯಾರೂ ಹೇಳದಽ,
ನಾನು ಪೊಟ್ಟಣ ಹರದೆ.
ಹರದಿದ್ದು ತಿರುಗಿ ಕಪಾಟಿಗೆ ಹೋಗಂಗಿಲ್ಲ.
ಪಗಾರದಾಗ ಮುರಕೊಂಡರ ವರ್ಷ ಹಿಡಿದೀತು.
ನಳಿಯೊಳಗ ಸಲೈನ್ ಬಿಟ್ಟು
ಗುಳ್ಳಿ ಒಂದೂ ಉಳೀಬಾರದಂತ
ಕೂಸಿನ ಬೆನ್ನು ತಟ್ಟಿದಂಗ ತಟ್ಟಕೋತ ನಿಂತೆ.

ಎರಡೂವರಿಗೆ ಲ್ಯಾಕ್ಟೇಟ್ ಏಳು.
ಮೇಡಂ ಬಂದರು, ತಲಿ ಹಿಕ್ಕೊಂಡಿರಲಿಲ್ಲ.
ತುಂಬಿದ ನಳಿ ನೋಡಿದರು, ನನ್ನ ನೋಡಿದರು,
ಏನೂ ಅನ್ನದಽ ಕೈ ತೊಳಕೊಳ್ಳಾಕ ಹೋದರು.

ಹೊರಗ ಬಾಕಿನ ಮ್ಯಾಲ ಅಕ್ಕಾತಾಯಿ.
ಕಾಗದ ಹಿಡದೆ, ಪೆನ್ನು ಕೊಟ್ಟೆ.
ಸಹಿ ಮಾಡೂದಕ್ಕ ಮೊದಲ ಕೇಳಿದಳು:
"ಹಾಕೂದು ತಿಳೀತ್ರಿ. ತಗ್ಯೂದು ಯಾವಾಗ?"
ಎದಿ ಎದ್ದರ ತಗೀತೀವಿ ಅಂದೆ.
"ಏಳದಿದ್ದರ?"
ಬ್ಯಾರೆ ಎದಿಗೆ ಪಟ್ಟಿಯಾಗ ಹೆಸರು ಬರಸತೀವಿ ಅನ್ನೂದಿತ್ತು.
ಬಾಯಾಗ ಉಗುಳು ಆರಿತ್ತು.
ಆಕಿ ತಾನಽ ಬರದಳು, ದೊಡ್ಡ ದೊಡ್ಡ ಅಕ್ಷರ.
ಹಾಕಿದ ಗೇಟಿನ ಹಿಂದ ಕಾಯ್ದು
ರೂಢಿ ಐತ್ರಿ ನಮಗ, ಅಂದಳು.

ಮೂರೂ ಐದು. ನಳಿ ಎರಡು:
ಹೊರಗ ಬರೂದು ನೇರಳೆಹಣ್ಣಿನ ಬಣ್ಣ,
ಒಳಗ ಹೋಗೂದು ಕೆಂಪು.
ಟೇಪಿನ ತುಂಡಿನ ಮ್ಯಾಲ ಸುರು ಆದ ಹೊತ್ತು ಬರದು
ಮಷಿನ್ನಿಗೆ ಅಂಟಿಸಿದೆ.
ಎಲ್ಲೋ ದೂರ ಗೂಡ್ಸ್ ಗಾಡಿ ಕೂಗಿತು.
ಇವತ್ತು ಅಲ್ಲಿ
ಯಾರು ಡ್ಯೂಟಿ ಮ್ಯಾಲ ಅದಾರೋ.